ಚುಕ್ಕೆ ಗುರುತಿನ ಆಸ್ಪತ್ರೆ

ನಮ್ಮೂರಿಗೆ ಹೊಸದಾಗಿ ಬಂದವರು ಬಾಡಿಗೆ ಮನೆ ಹುಡುಕುವಾಗ ಮೊದಲು ವಿಚಾರಿಸಬೇಕಾದದ್ದು ನೀರಿನ ಸಂಗತಿಯನ್ನಲ್ಲ. ಮನೆ ಚುಕ್ಕೆಯದೋ, ಚುಕ್ಕೆ ಇಲ್ಲದ್ದೋ ಎಂಬುದನ್ನು. ರಾಜಧಾನಿಯ ಸಭೆಯಲ್ಲಿ ನಮ್ಮ ಶಾಸಕರು ಏನನ್ನು ಕುರಿತು ಪ್ರಶ್ನೆ ಕೇಳುತ್ತಾರೋ ಅದು ಇಲ್ಲಿ ಎದ್ದು ನಿಲ್ಲುತ್ತದೆ. ಆ ಪ್ರಶ್ನೆಗೆ ಉತ್ತರ ಬಂದ ಗಳಿಗೆಯಲ್ಲಿ ಹೊರಟುಹೋಗುತ್ತದೆ. ಉತ್ತರ ಹೌದಾದರೂ ಅಷ್ಟೆ, ಇಲ್ಲವಾದರೂ ಅಷ್ಟೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಬಾಯಿಂದ ಉತ್ತರ ಹೇಳಬೇಕು. ಚುಕ್ಕೆ ಇಲ್ಲದ್ದಕ್ಕೆ ಬರೆದು ಕಳಿಸಿದರೆ ಸಾಕು. ಬರೆಯುವವರು ನಿಧಾನಸ್ಥರು. ಹೀಗಾಗಿ ಚುಕ್ಕೆ ಇಲ್ಲದ ಮನೆಗೆ ಬಾಡಿಗೆ ಜಾಸ್ತಿ, ಮುಂಗಡವೂ ಜಾಸ್ತಿ. ಚುಕ್ಕೆಯ ಮನೆಗಳಲ್ಲಿ ಹೊಸದಾಗಿ ಮದುವೆಯಾದವರು, ವರ್ಗಾವಣೆಗೆ ಕಾಯುತ್ತಿರುವವರು, ಒಟ್ಟಿನಲ್ಲಿ ಸಾಮಾನು ಕಡಿಮೆ ಇರುವವರು ಇರುತ್ತಾರೆ.

ಮಂತ್ರಿಗಳು 'ಪರಿಶೀಲನೆಯಲ್ಲಿದೆ' ಎಂದರೆ, ಅಥವಾ 'ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ' ಎಂದರೆ ಅದು ಉತ್ತರವಲ್ಲ. ಹಾಗೆಂದ ದಿನ ನಮ್ಮಲ್ಲಿ ಒಬ್ಬಟ್ಟು ಮಾಡುತ್ತಾರೆ. ಗೃಹಪ್ರವೇಶಕ್ಕೆ ಬಂದ ಹಿರಿಯರು 'ನಿಮ್ಮ ಮನೆ ಸದಾ ಪರಿಶೀಲನೆಯಲ್ಲಿರಲಿ' ಎಂದು ಹರಸಿ ಅಕ್ಷತೆ ಹಾಕುತ್ತಾರೆ. ಅಧಿವೇಶನ ನಡೆಯುವ ದಿನಗಳಲ್ಲಿ ಲಗ್ನ ಇಡುವುದಿಲ್ಲ. ಬೆಳಗ್ಗೆ ಪ್ರಶ್ನೋತ್ತರದ ಹೊತ್ತಿಗೆ ಹೆಂಗಸರು ಹಾಲಿನ ಪಾತ್ರೆ, ದೇವರ ಪಟ, ತೊಟ್ಟಿಲ ಕೂಸುಗಳನ್ನು ಬೀದಿಗೆ ತಂದು ಕೂತು, ಕೈಕೆಲಸ ಮಾಡುತ್ತ ಮಾತಾಡುತ್ತಾರೆ. ಮನೆ ಹೋದರೂ ಅದರೊಳಗಿನ ಜನ ಮತ್ತು ಜನ ತಮ್ಮ ಕೈಯಾರೆ ಸೇರಿಸಿದ ವಸ್ತು ಎಲ್ಲಿಗೂ ಹೋಗುವುದಿಲ್ಲ. ಬಸ್ ನಿಲ್ದಾಣಕ್ಕೆ ಉತ್ತರ ಬಂದ ದಿನ ನಿಲ್ದಾಣ ಹೋಯಿತು. ಕಂಡಕ್ಟರನೊಬ್ಬ ತನ್ನ ಕೈಯಾರೆ ಗೋಡೆಗೆ ಹೊಡೆದಿದ್ದ ಮೊಳೆ, ಅದಕ್ಕೆ ತೂಗುಹಾಕಿದ್ದ ಕ್ಯಾಲೆಂಡರಿನೊಂದಿಗೆ ನೆಲಕ್ಕೆ ಬಿತ್ತು. ಅಲ್ಲೇ ಕ್ಷೌರಕ್ಕೆ ಕೂತಿದ್ದವನೊಬ್ಬ ಅರ್ಧ ಗಡ್ಡದಲ್ಲಿ ಬಟ್ಟಬಯಲಿನಲ್ಲಿ ಕೂತಿದ್ದ. ಉಳಿದರ್ಧವನ್ನು ಅಲ್ಲೇ ಮಾಡಿಸಿಕೊಂಡು ಎದ್ದ.

ಇದು ಯಾವಾಗಿನಿಂದ ಹೀಗೆ ಎಂದು ಯಾರಾದರೂ ಕೇಳಿದರೆ, ನಿಮ್ಮೂರಿನಲ್ಲಿ ಬಿಸಿಲು ಯಾವಾಗಿನಿಂದ ಎಂದು ನಮ್ಮವರು ತಿರುಗಿ ಕೇಳುತ್ತಾರೆ. ನಾನು ನಿವೃತ್ತ ಮೇಷ್ಟ್ರು, ಊರಿನ ವಾಚನಾಲಯ ನೋಡಿಕೊಂಡಿರುವವನು. ಅದೂ ಒಂದು ಪ್ರಶ್ನೆಯಿಂದ ಬಂದದ್ದೇ. ಕೇಳಿದವರು ಕಪಾಟು, ಕುರ್ಚಿ, ಬಾನುಲಿ ಎಲ್ಲವನ್ನೂ ಕೇಳಿ ಕಿಟಕಿಗೆ ಬಾಗಿಲು ಕೇಳುವುದನ್ನು ಮರೆತಿದ್ದರಿಂದ ಮಳೆಗಾಲದಲ್ಲಿ ಕಾದಂಬರಿಗಳಿಗೆಲ್ಲ ಗೋಣಿಚೀಲ ಹೊದಿಸಬೇಕಾಗುತ್ತದೆ. ಕೇಳಿದವರು ಮಂಚಯ್ಯ, ನಮ್ಮ ಹಿಂದಿನ ಶಾಸಕರು. ಅವರೇ ಒಮ್ಮೆ ದೊಡ್ಡ ಬೀದಿಗೆ ಚರಂಡಿ ಕೇಳಿದರು. ಅದು ಎಲ್ಲಿಗೆ ಹರಿಯಬೇಕೆಂದು ಹೇಳಲಿಲ್ಲ. ಚರಂಡಿ ಬಂತು, ಇಡೀ ಬೀದಿಯ ಕೊಚ್ಚೆಯನ್ನು ಹೊತ್ತುಕೊಂಡು ಅವರ ಮನೆ ಬಾಗಿಲಿಗೇ ಬಂದು ನಿಂತಿತು. ಮುಂದಿನ ಚುನಾವಣೆಯಲ್ಲಿ ಅವರು ಸೋತದ್ದು ಹಾಗೆ, ನಿಂಗಾಜಮ್ಮ ಗೆದ್ದದ್ದೂ ಹಾಗೆ. ಈಗ ಮಂಚಯ್ಯ ದಿನವೂ ನನ್ನ ವಾಚನಾಲಯಕ್ಕೆ ಬಂದು ಪತ್ರಿಕೆ ಹಿಡಿದು ಕೂರುತ್ತಾರೆ. ಪತ್ರಿಕೆಗಿಂತ ನಿಂಗಾಜಮ್ಮನ ತಪ್ಪು ಹುಡುಕುವುದರಲ್ಲಿ ಅವರಿಗೆ ಆಸಕ್ತಿ.

ನಿಂಗಾಜಮ್ಮನನ್ನು ಊರೆಲ್ಲ ಅಕ್ಕಾವ್ರು ಎನ್ನುತ್ತದೆ. ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿ ನಡೆಸಿ ಮಗಳನ್ನು ಸಾಕಿದಾಕೆ. ಗಿರಣಿಯ ಗದ್ದಲದಲ್ಲಿ ಮಾತಾಡಿ ರೂಢಿಯಾದ ಗಂಟಲು ಸಭೆಯಲ್ಲಿ ಬಹಳ ಉಪಯೋಗಕ್ಕೆ ಬಂತು. ಪ್ರಶ್ನೆ ಬರೆಯುವಾಗ ಭಾಷೆ ತಿದ್ದಲು ನನ್ನನ್ನು ಕರೆಸುತ್ತಿದ್ದರು. ಸಭೆಯ ನಿಯಮದಂತೆ ಒಂದು ಪ್ರಶ್ನೆ ನೂರೈವತ್ತು ಪದ ಮೀರಬಾರದು, ಒಮ್ಮೆ ಉತ್ತರ ಬಂದ ವಿಷಯವನ್ನು ಮತ್ತೆ ಕೇಳಬಾರದು. ಹೀಗಾಗಿ ನಾವಿಬ್ಬರೂ ಪದಗಳನ್ನು ಒಡವೆ ತೂಗಿದಂತೆ ತೂಗುತ್ತಿದ್ದೆವು. ಬಡವರ ಮನೆಗಳಿಗೆ 'ಚಿಲಕ ಸಹಿತ ಬಾಗಿಲು' ಎಂದು ಸೇರಿಸಿದ್ದು ಅವರೇ, 'ಹೊಗೆ ಹೋಗಲು ಗವಾಕ್ಷಿ' ಎಂದು ಹಟ ಹಿಡಿದದ್ದೂ ಅವರೇ. ಅಂಥಾಕೆ ಆಸ್ಪತ್ರೆಯ ಪ್ರಶ್ನೆಯಲ್ಲಿ ಎಡವಿದರು.

ಹೆರಿಗೆಯ ಆಸ್ಪತ್ರೆ ಇಲ್ಲದೆ ನಮ್ಮೂರ ಹೆಂಗಸರು ಘಟ್ಟದಾಚೆಯ ಪಟ್ಟಣಕ್ಕೆ ಜೀಪಿನಲ್ಲಿ ಹೋಗಬೇಕಿತ್ತು. ಹೋದವರಲ್ಲಿ ಕೆಲವರು ದಾರಿಯಲ್ಲೇ ಹೆತ್ತರು, ಕೆಲವರು ಬರಿಗೈಯಲ್ಲಿ ವಾಪಸು ಬಂದರು, ಕೆಲವರು ಬರಲಿಲ್ಲ. ಅಕ್ಕಾವ್ರು ಗೆದ್ದ ಮೊದಲ ಅಧಿವೇಶನದಲ್ಲೇ ಎರಡು ಅಂತಸ್ತಿನ, ಹತ್ತು ಹಾಸಿಗೆಯ, ಮೇಲಂತಸ್ತಿನಲ್ಲಿ ಹೆರಿಗೆ ಕೋಣೆ ಇರುವ ಆಸ್ಪತ್ರೆಯ ಅಗತ್ಯ ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು ಕೇಳಲು ಹೊರಟರು. ಎರಡು ಅಂತಸ್ತು ಏಕೆಂದರೆ ಘಟ್ಟದಾಚೆಯದು ಒಂದೇ ಅಂತಸ್ತಿನದು. ಪದಗಳು ಮಿತಿ ಮೀರಿದವು. ಮೆಟ್ಟಿಲು ಎಂಬ ಮಾತಿಗೆ ಬಂದಾಗ ಅವರು ನನ್ನ ಪೆನ್ನು ತಡೆದರು.

"ಮಾಳಿಗೆ ಅಂದ್ಮೇಲೆ ಮೆಟ್ಟಿಲು ಇಲ್ದೆ ಇರ್ತದಾ ಮೇಷ್ಟ್ರೇ? ಅದು ತಂತಾನೇ ಬತ್ತದೆ. ಅದನ್ನ ತೆಗ್ದು ಗಾಳಿ ಬೆಳಕು ಅಂತ ಹಾಕಿ."

ಆಸ್ಪತ್ರೆ ಬಂತು. ಗಾಳಿ ಬಂತು, ಬೆಳಕು ಬಂತು, ಮೇಲಂತಸ್ತಿನ ಹೆರಿಗೆ ಕೋಣೆಯ ಬಾಗಿಲು ಹೊರಗೋಡೆಯ ಮೇಲೆ ಎತ್ತರದಲ್ಲಿ ತೆರೆದುಕೊಂಡು ನಿಂತಿತು. ಮೆಟ್ಟಿಲು ಮಾತ್ರ ಬರಲಿಲ್ಲ. ಮಂಚಯ್ಯ ಅದರ ಕೆಳಗೆ ನಿಂತು ಕತ್ತೆತ್ತಿ, ನಂದು ಚರಂಡಿ ನನ್ನ ಮನೆಗಾದ್ರೂ ಬಂತು, ಅಕ್ಕಾವ್ರ ಬಾಗಿಲಿಗೆ ಕಾಗೆ ಬಿಟ್ರೆ ಇನ್ಯಾರು ಬರ್ತಾರೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಅಂದರು. ಅಕ್ಕಾವ್ರು ಒಂದು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮಾರನೆಯ ದಿನ ಊರಿನ ಕೇರಿಗಳ ಯಜಮಾನರನ್ನೆಲ್ಲ ಕರೆಸಿ, ಮೆಟ್ಟಿಲು ನಾವೇ ಕಟ್ಟೋಣ ಎಂದರು.

ಯೋಜನೆ ಎಂಬುದೇನೂ ಇರಲಿಲ್ಲ. ಒಂದೊಂದು ಕೇರಿಯವರು ಒಂದೊಂದು ಮೆಟ್ಟಿಲು ಎಂದಾಯಿತು. ಕುಂಬಾರ ಕೇರಿಯವರು ತಮ್ಮ ಮೆಟ್ಟಿಲನ್ನು ತಗ್ಗಾಗಿ ಇಟ್ಟರು. ಗಾಣಿಗರ ಕೇರಿಯವರು ಅವರಿಗಿಂತ ಎತ್ತರವಿರಲೆಂದು ಮೊಣಕಾಲೆತ್ತರ ಇಟ್ಟರು. ಹೀಗಾಗಿ ನಮ್ಮೂರ ಮೆಟ್ಟಿಲು ಹತ್ತುವವರು ಕುಣಿಯುತ್ತಿರುವಂತೆ ಕಾಣುತ್ತಾರೆ. ಕೊನೆಯ ಮೆಟ್ಟಿಲು ಯಾರದು ಎಂಬಲ್ಲಿ ಮೇಲುಕೇರಿಗೂ ಕೆಳಕೇರಿಗೂ ಜಗಳ ಹತ್ತಿ ಕೆಲಸ ನಿಂತುಹೋಯಿತು. ಕಡೆಗೆ ಇಬ್ಬರದೂ ಅಲ್ಲದಂತೆ, ಇಬ್ಬರದೂ ಆಗುವಂತೆ, ಬಾಗಿಲ ಮುಂದೆ ಒಂದು ದೊಡ್ಡ ಕಲ್ಲು ಜಗಲಿ ಕಟ್ಟಿದರು. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಮೇಲೆ ಹತ್ತಿ ಬಂದ ಬಸುರಿಯರು ಅಲ್ಲಿ ಕೂತು ಉಸಿರು ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಆಸ್ಪತ್ರೆಗೆ ನರ್ಸ್ ಆಗಿ ಊರವರೇ ಕರೆತಂದ ಜುಬೇದಾ ಸಿಸ್ಟರ್ ಆ ಮೆಟ್ಟಿಲುಗಳನ್ನು ನೋಡಿ, ಇದನ್ನ ಹತ್ತಿಸಿದ್ರೆ ಸಾಕು, ಅರ್ಧ ಹೆರಿಗೆ ಆದಂಗೇ ಎಂದಿದ್ದರು.

ಮುಂದೆ ಒಂಬತ್ತು ವರ್ಷ ಮಂತ್ರಿಗಳು ಬಂದರು, ಹೋದರು. ಆಸ್ಪತ್ರೆಯ ಪ್ರಶ್ನೆ ಪರಿಶೀಲನೆಯಲ್ಲಿಯೇ ಇತ್ತು. ನಮ್ಮೂರಿನ ಒಂದು ತಲೆಮಾರು ಪರಿಶೀಲನೆಯಲ್ಲೇ ಹುಟ್ಟಿ, ನಡೆಯಲು ಕಲಿತು, ಶಾಲೆಗೂ ಸೇರಿತು. ಅಕ್ಕಾವ್ರ ಮಗಳು ದಾಕ್ಷಾಯಿಣಿ ಬಸುರಿಯಾದಾಗ, ಶಾಸಕರ ಮಗಳು ಘಟ್ಟದಾಚೆ ಹೋಗ್ತಾಳೆ, ಅಲ್ಲಿ ಗಟ್ಟಿ ಕಟ್ಟಡ ಇದೆಯಲ್ಲ ಎಂದು ಮಂಚಯ್ಯ ವಾಚನಾಲಯದಲ್ಲಿ ಕೂತು ಆಡಿದ ಮಾತು ಅಕ್ಕಾವ್ರ ಕಿವಿಗೆ ಬಿತ್ತು. ಶಾಲೆಯ ಬಹುಮಾನ ವಿತರಣೆಯ ದಿನ ಅವರು ಧ್ವನಿವರ್ಧಕ ಹಿಡಿದು, ನನ್ನ ಮಗಳು ಹೆರೋದು ಈ ಊರಿನ ಆಸ್ಪತ್ರೇಲೇ, ಆ ಮೆಟ್ಟಿಲು ಹತ್ತೇ ಎಂದುಬಿಟ್ಟರು. ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಕೂತಿದ್ದ ದಾಕ್ಷಾಯಿಣಿಯನ್ನು ಯಾರೂ ಏನೂ ಕೇಳಲಿಲ್ಲ. ಆಕೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಾಯಿಯನ್ನೇ ನೋಡುತ್ತಿದ್ದಳು.

ಆಮೇಲೆ ಸರ್ಕಾರ ಬದಲಾಯಿತು. ಆರೋಗ್ಯ ಖಾತೆ ವಿರೂಪಾಕ್ಷ ಅರಳಿಕಟ್ಟಿ ಎಂಬವರಿಗೆ ಹೋಯಿತು. ಬಯಲುಸೀಮೆಯ ಕಡೆಯವರು, ಖಾದಿ ತೊಡುವವರು, ಲಂಚ ಮುಟ್ಟದವರು, ಮಾತು ತಪ್ಪದವರು ಎಂದು ಪತ್ರಿಕೆಗಳಲ್ಲಿ ಹೊಗಳಿಕೆ ಬಂತು. ಓದುತ್ತ ಓದುತ್ತ ನಮ್ಮ ವಾಚನಾಲಯದಲ್ಲಿ ಎಲ್ಲರ ಮುಖ ಸಪ್ಪಗಾಯಿತು. ಕೆಟ್ಟವರೊಂದಿಗೆ ಬಾಳುವುದು ನಮಗೆ ಗೊತ್ತಿತ್ತು. ಈ ಮನುಷ್ಯ ಅಧಿಕಾರ ವಹಿಸಿಕೊಂಡ ದಿನವೇ, ತಮ್ಮ ಇಲಾಖೆಯಲ್ಲಿ ಉಳಿದಿರುವ ಹಳೆಯ ಪ್ರಶ್ನೆಗಳಿಗೆಲ್ಲ ಇದೇ ಅಧಿವೇಶನದಲ್ಲಿ ಉತ್ತರ ಕೊಡುವುದಾಗಿ ಹೇಳಿಕೆ ಕೊಟ್ಟರು. ನಮ್ಮ ಆಸ್ಪತ್ರೆಯ ಸರದಿ ಬರುವ ವಾರವೂ ದಾಕ್ಷಾಯಿಣಿಯ ಹೆರಿಗೆಗೆ ಜುಬೇದಾ ಹೇಳಿದ್ದ ವಾರವೂ ಒಂದೇ ಆಗಿತ್ತು. ಸಾಲದ್ದಕ್ಕೆ ಕೂಸು ಹೊಟ್ಟೆಯೊಳಗೆ ಕಾಲು ಮುಂದಾಗಿ ಕೂತಿತ್ತು. ಜೀಪಿನಲ್ಲಿ ಘಟ್ಟ ಹತ್ತಿಸುವ ಮಾತೇ ಇಲ್ಲ, ಮನೆಯಲ್ಲೂ ಆಗದು, ನನಗೆ ನನ್ನ ಮೇಜು, ನನ್ನ ಸಾಮಾನು, ನನ್ನ ದೀಪ ಬೇಕು ಎಂದು ಜುಬೇದಾ ಖಂಡಿತವಾಗಿ ಹೇಳಿದರು.

ಅಕ್ಕಾವ್ರು ನನ್ನನ್ನೂ ಕರೆದುಕೊಂಡು ರಾಜಧಾನಿಗೆ ಹೋದರು. ಪ್ರಶ್ನೆಯನ್ನು ವಾಪಸು ಪಡೆದರೂ ಆಸ್ಪತ್ರೆ ಹೋಗುತ್ತದೆ; ಸದಸ್ಯರು ಗೈರುಹಾಜರಾದರೆ ಉತ್ತರ ಕೊಟ್ಟಂತೆಯೇ ಲೆಕ್ಕ. ಕಾಲಾವಕಾಶ ಕೇಳುವ ಹಕ್ಕು ಮಂತ್ರಿಗಳಿಗೆ ಮಾತ್ರ. ಆದ್ದರಿಂದ ಅವರನ್ನೇ ಕಂಡೆವು. ಅರಳಿಕಟ್ಟಿಯವರು ಬಾಗಿಲಿಗೇ ಎದ್ದು ಬಂದು ಕೈಮುಗಿದರು, ಮಜ್ಜಿಗೆ ತರಿಸಿದರು. ನಾನು ಅವರ ಮುಖದಲ್ಲಿ ಏನಾದರೂ ಒಂದು ಸಣ್ಣ ದುರ್ಗುಣ ಕಾಣುತ್ತದೇನೋ ಎಂದು ಆಸೆಯಿಂದ ನೋಡಿದೆ. ಇರಲಿಲ್ಲ.

"ನೋಡ್ರಿ ತಾಯಿ, ಪ್ರಶ್ನಿ ಕೇಳೂದು ನಿಮ್ಮ ಹಕ್ಕು, ಉತ್ತರ ಕೊಡೂದು ನನ್ನ ಧರ್ಮ. ಒಂಬತ್ತ್ ವರ್ಷ ನಿಮ್ಮನ್ನ ಕಾಯಿಸಿದವರ ಪರವಾಗಿ ನಾ ಕ್ಷಮಾ ಕೇಳ್ತೀನ್ರಿ."

"ಕ್ಷಮೆ ಬ್ಯಾಡಿ ಸ್ವಾಮಿ," ಎಂದರು ಅಕ್ಕಾವ್ರು. "ಇನ್ನೊಂದ್ ಒಂಬತ್ತು ವರ್ಷ ಹಂಗೇ ಕಾಯಿಸಿಬುಡಿ."

"ನಾ ಇಲ್ಲ ಅನ್ನಾಂವ ಅಲ್ರಿ. ಹೌದು ಅನ್ನಾಂವ. ದವಾಖಾನಿ ಮಂಜೂರ ಮಾಡಾಂವ."

"ಹೌದು ಅಂದ್ರೂ ಅಷ್ಟೇಯಾ, ಇಲ್ಲ ಅಂದ್ರೂ ಅಷ್ಟೇಯಾ. ನೀವು ಬಾಯಿ ತೆಗೀಬ್ಯಾಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮಂತ್ರಿಗೆ ಬಾಯಿ ತೆಗೀಬೇಡಿ ಎಂದ ಶಾಸಕರನ್ನು ಅವರು ಅದುವರೆಗೆ ಕಂಡಿರಲಿಲ್ಲವೆಂದು ತೋರುತ್ತದೆ. ಪಕ್ಕದಲ್ಲಿ ನಿಂತಿದ್ದ ಕಾರ್ಯದರ್ಶಿ ಕೆಮ್ಮಿದ. ಅಕ್ಕಾವ್ರು ಊರಿನ ರೀತಿಯನ್ನೆಲ್ಲ ಬಿಡಿಸಿ ಹೇಳಿದರು, ಮಗಳ ಸಂಗತಿಯನ್ನೂ ಹೇಳಿದರು. ಮಂತ್ರಿಗಳು ತಲೆದೂಗುತ್ತ ಕೇಳಿಕೊಂಡರು. ಕೇಳಿ ಕಡತ ತೆರೆದು, ನಿಮ್ಮೂರಾಗ ದವಾಖಾನಿ ಅಂತ ಒಂದು ದಾಖಲೆಯೊಳಗ ಇಲ್ಲೇ ಇಲ್ರಿ, ಇಲ್ಲದ್ದು ಹೆಂಗ್ ಹೋಗ್ತೈತಿ ಎಂದು ಸಮಾಧಾನ ಹೇಳಿದರು. ಹೆಣ್ಣುಮಗಳನ್ನು ಒಳ್ಳೆಯ ಆಸ್ಪತ್ರೆಗೆ ಸೇರಿಸಲು ಬೇಕಾದರೆ ತಮ್ಮ ಕಾರು ಕಳಿಸುವುದಾಗಿಯೂ ಹೇಳಿದರು. ಹೊರಗೆ ಬಂದ ಮೇಲೆ ಅಕ್ಕಾವ್ರು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದರು. ಅವು ಸರ್ಕಾರಿ ಮೆಟ್ಟಿಲುಗಳು, ಎಲ್ಲವೂ ಒಂದೇ ಅಳತೆಯವು. ಕಡೆಗೆ, ಒಳ್ಳೇ ಮನ್ಸ ಕಣ್ ಮೇಷ್ಟ್ರೇ, ಅದೇ ತೊಂದ್ರೆ ಎಂದರು. ನೀವು ಊರಿಗೆ ಹೋಗಿ ದಾಕ್ಷಿನ ನೋಡ್ಕಳಿ, ನಾನು ಇಲ್ಲೇ ನಿಂತು ಆದಷ್ಟು ಎಳೀತೀನಿ ಎಂದರು.

ನಮ್ಮ ಪ್ರಶ್ನೆಯ ಸರದಿಯ ದಿನ ಕೋಳಿ ಕೂಗುವ ಹೊತ್ತಿಗೆ ದಾಕ್ಷಾಯಿಣಿಗೆ ನೋವು ಶುರುವಾಯಿತು. ಮೆಟ್ಟಿಲು ಹತ್ತಿಸಿ ಒಳಗೆ ಮಲಗಿಸಿದರು. ಅಕ್ಕಾವ್ರಿಗೆ ಫೋನು ಮಾಡಿ ತಿಳಿಸಿದ್ದಾಯಿತು. ಜುಬೇದಾ ಒಂದು ಉಪಾಯ ಮಾಡಿದ್ದರು. ಸಭೆಯಲ್ಲಿ ನಮ್ಮ ಪ್ರಶ್ನೆ ಬರುವವರೆಗೆ ಮೇಜಿನ ಮೇಲೆ; ಮಂತ್ರಿಗಳು ಉತ್ತರಕ್ಕೆ ಎದ್ದರೆಂದು ನಾನು ಕೂಗಿ ಹೇಳಿದ ಕೂಡಲೇ ಮನೆಯಿಂದ ತಂದಿಟ್ಟ ಮಂಚಕ್ಕೆ ಹೊರಳಿಸಿ, ಮಂಚವನ್ನು ಎತ್ತಿಕೊಂಡು ಹೊರಗಿನ ಕಲ್ಲು ಜಗಲಿಗೆ. ಜಗಲಿ ನಾವು ಕಟ್ಟಿದ್ದು, ಹೋಗುವುದಿಲ್ಲ. ಆದರೆ ಮೇಜು ಹೋಗುತ್ತದೆ, ದೀಪ ಹೋಗುತ್ತದೆ, ಬಿಸಿನೀರಿನ ಹಂಡೆ ಹೋಗುತ್ತದೆ, ಕಾಲು ಮುಂದಾದ ಕೂಸು ಅರ್ಧ ಬಂದು ನಿಂತಿದ್ದರೆ ಮಾತ್ರ ದೇವರೇ ಗತಿ. ಉತ್ತರ ಎಷ್ಟು ತಡವಾಗುತ್ತದೋ ಅಷ್ಟು ಒಳ್ಳೆಯದು. ಮಂಚ ಹೊರಲು ಗಂಡಸರು ಬೇಕೆಂದಾಗ ಮೊದಲು ಮುಂದೆ ಬಂದವರು ಮಂಚಯ್ಯ. ಹಳೆ ಶಾಸಕ ಅಂತ ಒಂದ್ ಮೂಲೆ ನಂಗೂ ಕೊಡಿ ಎಂದು ತೋಳು ಮಡಿಚಿ ನಿಂತರು.

ಬಾನುಲಿಯನ್ನು ಆಸ್ಪತ್ರೆಯ ಕೆಳಗೆ ತಂದಿಟ್ಟೆ. ಇಡೀ ಊರು ಮೆಟ್ಟಿಲ ಸುತ್ತ ನೆರೆದಿತ್ತು. ಸಭಾಧ್ಯಕ್ಷರು ನಮ್ಮ ಪ್ರಶ್ನೆಯ ಸಂಖ್ಯೆ ಕರೆದರು. ಆ ಸಭೆಯಲ್ಲಿ ಒಂದು ಹಳೆಯ ಪದ್ಧತಿ ಇತ್ತು: ಉತ್ತರಕ್ಕೆ ಮೊದಲು, ಕೇಳಿದವರು ಉಪಪ್ರಶ್ನೆ ಸೇರಿಸುವುದಿದ್ದರೆ ಸೇರಿಸಬಹುದು. ಯಾರೂ ಅದನ್ನು ಬಳಸುತ್ತಿರಲಿಲ್ಲ, ಯಾರಿಗೂ ಅಷ್ಟು ಕೇಳುವುದು ಇರುತ್ತಿರಲಿಲ್ಲ. ಅಕ್ಕಾವ್ರು ಎದ್ದರು. ಗಿರಣಿಯ ಗಂಟಲು ಬಾನುಲಿಯಲ್ಲಿ ಕರ್ಕಶವಾಗಿ ಬಂತು. ಸದರಿ ಹೆರಿಗೆ ಕೋಣೆಯಲ್ಲಿ ಸಾಕಷ್ಟು ದೀಪಗಳಿವೆಯೇ ಎಂದರು. ಮೇಲೆ ಕೋಣೆ ಝಗ್ಗೆಂದಿತು. ಬಿಸಿನೀರಿಗೆ ಏನು ವ್ಯವಸ್ಥೆ ಎಂದರು. ಒಳಗೆ ನೀರು ಕುದಿಯುವ ಸದ್ದಾಯಿತು. ತೊಟ್ಟಿಲು ಎಲ್ಲಿದೆ, ಅದಕ್ಕೆ ಹಾಸಲು ಮೆತ್ತನೆಯ ಬಟ್ಟೆ ಎಲ್ಲಿದೆ, ಸಿಸ್ಟರಿಗೆ ಸಹಾಯಕ್ಕೆ ಇನ್ನೊಂದು ಜೊತೆ ಇಕ್ಕಳ ಯಾಕಿಲ್ಲ. ಪ್ರತಿ ಮಾತಿಗೂ ಮೇಲಿನಿಂದ ಜುಬೇದಾ, ಬಂತು ಬಂತು, ಮುಂದಿಂದು ಕೇಳಕ್ಕೆ ಹೇಳಿ ಎಂದು ಕೂಗುತ್ತಿದ್ದರು, ಬಾನುಲಿಯೊಳಕ್ಕೆ ಹೇಳಿದರೆ ಅಕ್ಕಾವ್ರಿಗೆ ಕೇಳುತ್ತದೆ ಎಂಬಂತೆ. ಅರಳಿಕಟ್ಟಿಯವರು ಒಳ್ಳೆಯ ಮನುಷ್ಯರಾದ್ದರಿಂದ ಒಂದನ್ನೂ ತಳ್ಳಿಹಾಕದೆ ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಿದ್ದರು. ಎಲ್ಲಕ್ಕೂ ಒಟ್ಟಿಗೆ ಉತ್ತರಿಸುವುದಾಗಿ ಹೇಳುತ್ತಿದ್ದರು.

ಅಕ್ಕಾವ್ರು ಕಿಟಕಿಯ ಪರದೆ ಕೇಳಿದರು, ಗೋಡೆಯ ಬಣ್ಣ ಕೇಳಿದರು, ಬಾಣಂತಿಗೆ ಕೊಡುವ ಗಂಜಿಗೆ ಬೆಳ್ಳುಳ್ಳಿ ಹಾಕುವರೇ ಎಂದೂ ಕೇಳಿದರು. ಬೆಳ್ಳುಳ್ಳಿಯ ಘಮ ಮೆಟ್ಟಿಲಿಳಿದು ಬಂತು. ಸಭೆಯಲ್ಲಿ ನಗು ಎದ್ದಿತು. ಸಭಾಧ್ಯಕ್ಷರು ಗಂಟೆ ಬಾರಿಸಿ, ಮಾನ್ಯ ಸದಸ್ಯರೇ, ಇದು ಕೊನೆಯದು ಎಂದರು. ಅಕ್ಕಾವ್ರಿಗೆ ಕೇಳುವುದು ಮುಗಿದುಹೋಯಿತೆಂದು ನಾನಂದುಕೊಂಡೆ. ಮೇಲಿನಿಂದ ದಾಕ್ಷಾಯಿಣಿ ಅವ್ವ ಎಂದು ಕೂಗಿದಳು.

ಆಮೇಲೆ ಬಾನುಲಿಯಲ್ಲಿ ಅಕ್ಕಾವ್ರ ದನಿ ಬಂತು. ಗಿರಣಿಯ ದನಿಯಲ್ಲ, ಬೇರೆಯದು. "ಮಂತ್ರಿಗಳು ತಾವು ಹುಟ್ಟಿದ್ದು ಎಲ್ಲಿ ಸ್ವಾಮಿ?"

ಮೆಟ್ಟಿಲ ಬುಡದಲ್ಲಿ, ನಮ್ಮೆಲ್ಲರ ನಡುವೆ, ಒಂದು ಎತ್ತಿನ ಗಾಡಿ ಬಂದು ನಿಂತಿತು. ಎತ್ತುಗಳಿರಲಿಲ್ಲ. ಮೂಕಿ ನೆಲಕ್ಕೆ ಊರಿತ್ತು. ಒಳಗೆ ಹುಲ್ಲು ಹಾಸಿತ್ತು, ಹುಲ್ಲಿನ ಮೇಲೆ ಒಂದು ಹಳೆಯ ಕೌದಿ. ಜನ ಹಿಂದೆ ಸರಿದರು. ಇದು ಪ್ರಶ್ನೆಗೆ ಸಂಬಂಧಪಟ್ಟದ್ದಲ್ಲವೆಂದು ಸಭಾಧ್ಯಕ್ಷರು ಹೇಳಬಹುದಿತ್ತು, ಹೇಳಲಿಲ್ಲ. ಮಂತ್ರಿಗಳ ಆ ಮೌನ ಎಷ್ಟು ಹೊತ್ತಿನದೋ, ನಾನು ಗಾಡಿಯ ಚಕ್ರದ ಅಚ್ಚನ್ನೇ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ಮೇಲೆ ಜುಬೇದಾ ಒಂದು ಕಾಲು ಬಂತು, ಇನ್ನೊಂದು ಬಂತು ಎಂದು ಗೊಣಗುತ್ತಿದ್ದರು.

"ನನ್ನವ್ವ ಗಾಡ್ಯಾಗ ನನ್ನ ಹಡದ್ಲರೀ," ಎಂದರು ಅರಳಿಕಟ್ಟಿ. "ದವಾಖಾನಿಗೆ ಹೋಗೂ ದಾರ್ಯಾಗ. ನಾ ಉಳದೆ, ಆಕಿ ಉಳೀಲಿಲ್ಲ."

ಗಾಡಿ ಹೋಯಿತು. ನಾನು ಎದ್ದು, ಉತ್ತರಕ್ಕೆ ನಿಂತರು, ಎತ್ತಿ ಎಂದು ಕೂಗಿದೆ. ಮಂಚಯ್ಯ ಮತ್ತಿತರರು ಮಂಚವನ್ನು ಹೊತ್ತು ಬಾಗಿಲು ದಾಟಿ ಜಗಲಿಗೆ ಬಂದರು; ಜುಬೇದಾ ಕೈ ತೆಗೆಯದೆ ಜೊತೆಗೇ ಬಗ್ಗಿಕೊಂಡು ನಡೆದುಬಂದರು. ಹೆಂಗಸರು ಸೀರೆ ಹಿಡಿದು ಮರೆಮಾಡಿದರು. ಬಾನುಲಿಯಲ್ಲಿ ಮಂತ್ರಿಗಳು ತಾಯಂದಿರ ಹೆಸರಿನಲ್ಲಿ, ಸದರಿ ಆಸ್ಪತ್ರೆಯನ್ನು ಈ ದಿನವೇ ಮಂಜೂರು ಮಾಡಲಾಗಿದೆ ಎಂದು ಘೋಷಿಸಿದರು. ಸಭೆ ಮೇಜು ತಟ್ಟಿತು. ಅವರ ಜೀವನದಲ್ಲೇ ಅತ್ಯಂತ ಕನಿಕರದ ಆ ಮಾತಿಗೆ ನಮ್ಮ ಆಸ್ಪತ್ರೆ, ಎರಡು ಅಂತಸ್ತೂ ಸೇರಿ, ಗಾಳಿ ಬೆಳಕಿನ ಸಮೇತ, ಹೊರಟುಹೋಯಿತು. ಒಂಬತ್ತು ವರ್ಷದಲ್ಲಿ ಜನ ಕೊಟ್ಟಿದ್ದ ಲೋಟ, ಚಾದರ, ಗಡಿಯಾರ, ಜುಬೇದಾ ಅವರ ಊಟದ ಡಬ್ಬಿ ಎಲ್ಲವೂ ಮೇಲಿನಿಂದ ದಬದಬ ಬಿದ್ದವು. ಮೆಟ್ಟಿಲು ನಿಂತಿತ್ತು. ತುದಿಯಲ್ಲಿ ಜಗಲಿ, ಜಗಲಿಯ ಮೇಲೆ ಸೀರೆಗಳ ಗುಡಾರ, ಅದರ ಹಿಂದೆ ಬರೀ ಆಕಾಶ. ಡಬ್ಬಿಯ ಮುಚ್ಚಳ ಉರುಳುವುದು ನಿಂತ ಮೇಲೆ ಗುಡಾರದೊಳಗಿಂದ ಕೂಸು ಅತ್ತಿತು.

ಹೆಣ್ಣು. ಹೆಸರು ಗಿರಿಜೆ ಎಂದಿಟ್ಟರೂ ಊರು ಕರೆಯುವುದು ಮೆಟ್ಟಿಲಮ್ಮ ಎಂದು. ಬಂದವರಿಗೆಲ್ಲ ಮಂಚಯ್ಯ ಮಂಚದ ತಮ್ಮ ಮೂಲೆ ಯಾವುದು ಎಂದು ತೋರಿಸುತ್ತಿದ್ದರು. ಅಕ್ಕಾವ್ರು ರಾಜಧಾನಿಯಿಂದ ಬಂದವರೇ ಮನೆಗೂ ಹೋಗದೆ ಮೆಟ್ಟಿಲು ಹತ್ತಿ ಜಗಲಿಯ ಮೇಲೆ ಕೂತರು. ಮಗ್ಗುಲಲ್ಲಿ ಕೂತ ದಾಕ್ಷಾಯಿಣಿ ಕೂಸನ್ನು ತಾಯಿಯ ಮಡಿಲಿಗೆ ಹಾಕಿ, ಇನ್ಮೇಲೆ ಮೈಕ್ ಹಿಡ್ಕಂಡು ನನ್ನ ಹೆರಿಗೆ ಮಾತು ಆಡಬ್ಯಾಡ ಕಣವ್ವ ಎಂದಳಂತೆ. ಅಕ್ಕಾವ್ರು ತಲೆಯಾಡಿಸಿದರಂತೆ. ಅವರು ಮಾತಿಲ್ಲದೆ ಒಂದು ಸಂಗತಿ ಒಪ್ಪಿಕೊಂಡದ್ದು ಅದೊಂದೇ ಸಲ.

ಮಂಜೂರಾದ ಆಸ್ಪತ್ರೆ ಕಡತಗಳಲ್ಲಿ ಚುರುಕಾಗಿ ಓಡಾಡಿತು. ಅರಳಿಕಟ್ಟಿಯವರು ಪ್ರಾಮಾಣಿಕವಾಗಿ ತಳ್ಳಿದರು. ಹಣಕಾಸಿನವರು ಅಷ್ಟೇ ಪ್ರಾಮಾಣಿಕವಾಗಿ ವಾಪಸು ಕಳಿಸಿದರು. ಈ ನಡುವೆ ಇಬ್ಬರು ಬಸುರಿಯರು ಜೀಪಿನಲ್ಲಿ ಘಟ್ಟ ದಾಟಿದರು, ಒಬ್ಬಳ ಮನೆಯವರು ತಲೆ ತಗ್ಗಿಸಿಕೊಂಡು ವಾಪಸು ಬಂದರು. ಆ ರಾತ್ರಿ ಕಳೆದು ಬೆಳಗಾದ ಮೇಲೆ ಅಕ್ಕಾವ್ರು ನನ್ನನ್ನು ಕರೆಸಿದರು. ಆಸ್ಪತ್ರೆಯ ವಿಷಯಕ್ಕೆ ಉತ್ತರ ಬಂದಾಯಿತು, ಮತ್ತೆ ಕೇಳುವಂತಿಲ್ಲ. ಮೆಟ್ಟಿಲಿನ ವಿಷಯ ಕೇಳಬಹುದಲ್ಲ, ಅದನ್ನ ಯಾರೂ ಕೇಳೇ ಇಲ್ಲವಲ್ಲ ಎಂದರು. ಅವರು ಹೇಳಿದಂತೆ ಬರೆದೆ: ಸದರಿ ಊರಿನಲ್ಲಿ ಸಾರ್ವಜನಿಕರು ಕಟ್ಟಿರುವ ಕಲ್ಲಿನ ಮೆಟ್ಟಿಲುಗಳು ಹತ್ತು ಹಾಸಿಗೆಗಳ ಹೆರಿಗೆ ಆಸ್ಪತ್ರೆಗೆ ಹೋಗುತ್ತವೆಯೇ? ಹೋಗದಿದ್ದಲ್ಲಿ, ಎಲ್ಲಿಗೆ ಹೋಗುತ್ತವೆ? ಪದಗಳು ಧಾರಾಳವಾಗಿ ಮಿಕ್ಕಿದ್ದವು. ಕೆಳಂತಸ್ತು ಸೇರಿಸೋಣವೇ ಎಂದೆ. "ಬ್ಯಾಡಿ. ಕೆಳಗೆ ನೆರಳಿರ್ಲಿ, ತರಕಾರಿಯೋರು ಕೂತ್ಕತಾರೆ." ಹಾಗೇ ಆಯಿತು. ಈಗ ನಮ್ಮ ಆಸ್ಪತ್ರೆ ಮೆಟ್ಟಿಲ ತುದಿಯಲ್ಲಿ, ಕೆಳಗೆ ಯಾವ ಆಧಾರವೂ ಇಲ್ಲದೆ ನಿಂತಿದೆ. ಅದರಡಿಯಲ್ಲಿ ಸೊಪ್ಪು, ಬದನೆಕಾಯಿ, ಒಣಮೀನು ಮಾರುತ್ತಾರೆ.

ಇಲಾಖೆಯ ಅಧಿಕಾರಿಗಳು ಎರಡು ಬಗೆಯ ಉತ್ತರ ಸಿದ್ಧಪಡಿಸಿದರು. ಅರಳಿಕಟ್ಟಿಯವರು ಎರಡಕ್ಕೂ ಸಹಿ ಹಾಕದೆ, ಕಣ್ಣಾರೆ ನೋಡುತ್ತೇನೆಂದು ತಾವೇ ಬಂದರು. ಖಾದಿ ಪಂಚೆ ಎತ್ತಿ ಹಿಡಿದು, ಗಾಣಿಗರ ಮೆಟ್ಟಿಲಿನಲ್ಲಿ ಎಡವಿ, ಮೇಲೆ ಬಂದು ಜಗಲಿಯ ಮೇಲೆ ಕೂತರು. ತೆರೆದ ಬಾಗಿಲಿನಿಂದ ಹತ್ತು ಹಾಸಿಗೆಗಳೂ ಕಾಣುತ್ತಿದ್ದವು. ಆಗ ಅಕ್ಕಾವ್ರು ನಿಧಾನವಾಗಿ ತಿಳಿಸಿ ಹೇಳಿದರು. ಹೋಗುತ್ತವೆ ಎಂದು ಮಂತ್ರಿಗಳು ಸಭೆಯಲ್ಲಿ ಹೇಳಿದರೆ, ಹೇಳಿದ ಗಳಿಗೆಗೆ ಆಸ್ಪತ್ರೆ ಇರುವುದಿಲ್ಲ, ಸುಳ್ಳು ಹೇಳಿದಂತಾಯಿತು. ಹೋಗುವುದಿಲ್ಲ ಎಂದು ಹೇಳಲು ಬಾಯಿ ತೆರೆದರೆ, ಆಸ್ಪತ್ರೆ ಇದೋ ಇಲ್ಲಿದೆ, ಅದೂ ಸುಳ್ಳು. ಸಭೆಗೆ ಸುಳ್ಳು ಹೇಳಬಲ್ಲ ಬೇರೆ ಮಂತ್ರಿಯಾಗಿದ್ದರೆ ನಮಗೆ ಭಯವಿತ್ತು. ಕೆಳಗೆ ಬದನೆಕಾಯಿಯ ಚೌಕಾಸಿ ನಡೆಯುತ್ತಿತ್ತು. ಮೆಟ್ಟಿಲಮ್ಮ ಅಂಬೆಗಾಲಿಕ್ಕುತ್ತ ಬಂದು ಅರಳಿಕಟ್ಟಿಯವರ ಚಪ್ಪಲಿ ಹಿಡಿದಳು.

"ಹಂಗಾರ ನಾ ಏನಂತ ಉತ್ತರ ಕೊಡ್ಲಿ ತಾಯಿ?"

"ಅವಸರ ಏನೈತೆ ಸ್ವಾಮಿ," ಎಂದರು ಅಕ್ಕಾವ್ರು, ಕೂಸನ್ನು ಎತ್ತಿಕೊಳ್ಳುತ್ತ. "ಮಾಹಿತಿ ಸಂಗ್ರಹ ಮಾಡಿ."

ಅಂದಿನಿಂದ ಅವರು ಪ್ರತಿ ಅಧಿವೇಶನಕ್ಕೆ ಮೊದಲು ಮಾಹಿತಿ ಸಂಗ್ರಹಿಸಲು ತಪ್ಪದೆ ಬರುತ್ತಾರೆ. ನಮ್ಮ ಮಜ್ಜಿಗೆ ಅವರಿಗೆ ಒಗ್ಗಿದೆ. ಮೊನ್ನೆ ಬಂದಾಗ ಕಾರಿನಿಂದ ಅವರ ಹಿಂದೆ ಅವರ ಸೊಸೆಯೂ ಇಳಿದಳು. ತುಂಬಿದ ಏಳು ತಿಂಗಳು. ಮಾವ ಸೊಸೆ ಇಬ್ಬರೂ ಕುಣಿಯುವಂತೆ ಮೆಟ್ಟಿಲು ಹತ್ತಿದರು, ಜಗಲಿಯ ಮೇಲೆ ಕೂತು ಉಸಿರು ತೆಗೆದುಕೊಂಡರು. ಜುಬೇದಾ ಬಂದು ಆಕೆಯನ್ನು ಒಳಗೆ ಕರೆದುಕೊಂಡು ಹೋದರು. ಕೆಳಗೆ ತರಕಾರಿಯ ನೆರಳಿನಲ್ಲಿ ಕೂತಿದ್ದ ಮಂಚಯ್ಯ, ಸುಮ್ಮನಿರಲಾರದೆ ಕತ್ತೆತ್ತಿ, ಮಾಹಿತಿ ಎಲ್ಲಾ ಸಿಕ್ತಾ ಸಾಹೇಬ್ರೇ ಎಂದು ಕೇಳಿದರು.

ಮಂತ್ರಿಗಳು ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದರು. "ಇನ್ನೂ ಒಂದೆರಡು ತಿಂಗಳು ಬೇಕಾಗ್ತೈತ್ರಿ," ಎಂದರು.